ಹತ್ತೊಂಬತ್ತು ವಸಂತ, ಎರಡು ಚಿಟಿಕೆ ವಿಷ

ಗೆರೆ ನಿಜವಾಗಿ ಕಾಣುತ್ತಿತ್ತೋ, ಅಲ್ಲಿರಬೇಕೆಂದು ಗೊತ್ತಿದ್ದರಿಂದ ಕಂಡಂತಾಗುತ್ತಿತ್ತೋ? ಬೆಳಗಿನ ಐದೂವರೆಗೆ ಇಟ್ಟಿಗೆ ಗೋಡೆಯ ಮುಂದೆ ಮೊಣಕಾಲೂರಿ ಕೂತ ಚಿಮುಟದಕ್ಕ ತಮ್ಮನ್ನೇ ಕೇಳಿಕೊಳ್ಳುವ ಪ್ರಶ್ನೆ ಇದು. ಪ್ರಶ್ನೆ ಹೋದ ವರ್ಷದ್ದು. ಉತ್ತರ ಸಿಕ್ಕಿ ಇವತ್ತಿಗೆ ನಾಲ್ಕು ದಿನ. ಎರಡನ್ನೂ ಅವರು ಕೆಲಸದ ಜಾಗದಲ್ಲಿ ಇನ್ನೂ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ಯಾವ ಗೆರೆ ಎಂಬುದಕ್ಕೆ ಆಮೇಲೆ ಬರೋಣ. ಮೊದಲು ಅವರ ಕೈ ನೋಡಬೇಕು.

ಗೋಡೆಯ ತುಂಬ ಪೆನ್ಸಿಲ್ ದಪ್ಪದ ಟೊಳ್ಳು ಜೊಂಡಿನ ಕಟ್ಟುಗಳು. ಪ್ರತಿ ಕಟ್ಟಿನಲ್ಲಿ ನೂರು ಕೊಳವೆ, ಕೆಲವು ಕೊಳವೆಗಳಲ್ಲಿ ಒಂದೊಂದು ದುಂಬಿ. ಚಿಮುಟದಕ್ಕನ ಎಡಗೈಯಲ್ಲಿ ಕೆಂಪು ಹಾಳೆ ಸುತ್ತಿದ ಟಾರ್ಚು. ದುಂಬಿಗೆ ಕೆಂಪು ಕಾಣುವುದಿಲ್ಲ, ಹಾಗಾಗಿ ನಿದ್ದೆ ಕೆಡುವುದಿಲ್ಲ. ಬಲಗೈಯಲ್ಲಿ ಮಕ್ಕಳು ಬಣ್ಣ ಬಳಿಯುವಂಥ ಸಣ್ಣ ಕುಂಚ. ಕೊಳವೆಯ ಬಾಯಿಗೆ ಪುಟ್ಟ ಸೀಸೆ ಹಿಡಿದು, ಕುಂಚದ ತುದಿಯಿಂದ ಒಮ್ಮೆ ಸವರುತ್ತಾರೆ. ಚಳಿಗೆ ಸೆಟೆದ ದುಂಬಿ ಹಿಮ್ಮುಖವಾಗಿ ಜಾರಿ ಸೀಸೆಗೆ ಬೀಳುತ್ತದೆ. ಸೀಸೆ ಐಸಿನ ಡಬ್ಬಿಗೆ. ಬಿಸಿಲು ಗೋಡೆ ಮುಟ್ಟುವುದಕ್ಕೆ ಇನ್ನು ನಲವತ್ತು ನಿಮಿಷ ಇದೆ. ಅಷ್ಟರೊಳಗೆ ಮೂವತ್ತು ಆಗಬೇಕು.

“ಬಿಸಿಲು ಬಿದ್ಮೇಲೆ ಇವು ನನ್ನ ಮಾತು ಕೇಳಲ್ಲ,” ಎನ್ನುತ್ತಾರೆ. “ಈಗ ಆದ್ರೆ ಎಲ್ಲಾ ಒಳ್ಳೆ ಮಕ್ಕಳು.”

ನೀಲಿ ದಾರ ಕಟ್ಟಿದ ಕಟ್ಟನ್ನು ಅವರು ಮುಟ್ಟುವುದಿಲ್ಲ. ಅದು ಮುಂದಿನ ವರ್ಷದ ಸಂತಾನಕ್ಕೆ. ಬಿಳಿ ದಾರದ ಕಟ್ಟಿನಲ್ಲೂ ಹತ್ತಕ್ಕೆ ಎರಡೇ. ಹೊಟ್ಟೆಯಡಿಯ ಕೂದಲಲ್ಲಿ ಹಳದಿ ಪರಾಗ ಉಳಿದಿದ್ದರೆ, “ನಿನಗೆ ಇನ್ನೂ ಕೆಲಸ ಇದೆ ಕಣೇ, ಹೋಗು,” ಎಂದು ವಾಪಸು ಒಳಗೆ ತಳ್ಳಿಬಿಡುತ್ತಾರೆ. ಈ ನಿಯಮವನ್ನು ಸಂಶೋಧನಾ ಸಂಸ್ಥೆಯ ಯಾವ ಕಡತದಲ್ಲೂ ಯಾರೂ ಬರೆದಿಲ್ಲ. ಹತ್ತೊಂಬತ್ತು ವರ್ಷದಿಂದ ಯಾರೂ ಮುರಿದೂ ಇಲ್ಲ, ಏಕೆಂದರೆ ಈ ಕೆಲಸ ಮಾಡುವವರು ಅವರೊಬ್ಬರೇ.

ಜೇನು ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಗೂಡು, ರಾಣಿ, ಸಾವಿರಾರು ಕೆಲಸಗಾರರು. ಆದರೆ ಜಗತ್ತಿನ ಜೇನು ಜಾತಿಗಳಲ್ಲಿ ಹೆಚ್ಚಿನವು ಹಾಗಿಲ್ಲ. ಈ ಜೊಂಡಿನ ದುಂಬಿಯ ಹಾಗೆ ಅವು ಒಂಟಿ. ಒಬ್ಬ ತಾಯಿ, ಒಂದು ಕೊಳವೆ. ಮಣ್ಣು ಕಲಸುವುದು, ಗೋಡೆ ಕಟ್ಟುವುದು, ಪರಾಗ ಹೊರುವುದು, ಮೊಟ್ಟೆ ಇಟ್ಟು ಬಾಗಿಲು ಮುಚ್ಚುವುದು ಎಲ್ಲವೂ ಆಕೆಯದೇ. ಕಾಯುವುದಕ್ಕೆ ಜೇನುತುಪ್ಪದ ಖಜಾನೆ ಇಲ್ಲದ್ದರಿಂದ ಜಗಳಗಂಟಿಯಲ್ಲ. ಕುಟುಕಿದರೂ ಹೆಚ್ಚು ನೋವಿಲ್ಲ. ಎಷ್ಟು ಸಲ ಕುಟುಕಿಸಿಕೊಂಡಿರಬಹುದು ಎಂದರೆ ಚಿಮುಟದಕ್ಕ ಬಲಗೈ ತೋರುಬೆರಳನ್ನು ಮುಂದೆ ಚಾಚುತ್ತಾರೆ. “ಇದನ್ನೇ ಕೇಳಿ. ಅದಕ್ಕೂ ಲೆಕ್ಕ ತಪ್ಪಿದೆ.”

ಆರೂಕಾಲಿಗೆ ಡಬ್ಬಿ ಹಿಡಿದು ಒಳಗೆ ಬರುತ್ತಾರೆ. ನೆಲಮಹಡಿಯ ಕೊನೆಯ ಕೋಣೆ. ಒಂದು ಕಿಟಕಿ, ಒಂದು ಮೇಜು, ಸೂಕ್ಷ್ಮದರ್ಶಕ, ಮೆತ್ತೆ ಹರಿದು ಮೂರು ಸಲ ಹೊಲಿಗೆ ಹಾಕಿದ ಸ್ಟೂಲು. ಮೇಜಿನ ಮೇಲೆ ಬಟ್ಟೆಯ ಸುರುಳಿ ಬಿಚ್ಚಿದರೆ ಎರಡು ಚಿಮುಟ. ಸಂಸ್ಥೆ ಕೊಟ್ಟ ಹೊಸ ಚಿಮುಟಗಳು ಡ್ರಾಯರಿನಲ್ಲಿ ಪ್ಲಾಸ್ಟಿಕ್ ಸಮೇತ ಇವೆ. ಇವೆರಡು ಅವರ ಮಾವನವು. ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಈಗ ಎಂಬತ್ತೊಂದು. ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗನ್ನು ಎತ್ತಲು ಅರದಿಂದ ತಿಕ್ಕಿ ತಿಕ್ಕಿ ತಾವೇ ಚೂಪು ಮಾಡಿಕೊಂಡಿದ್ದ ಜೋಡಿ.

ಈ ಕೆಲಸ ಸಿಕ್ಕಿದ್ದೂ ಅವುಗಳಿಂದಲೇ. ಆಗ ಆಕೆ ಈ ಕಟ್ಟಡದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದರು. ಪ್ರಯೋಗಾಲಯದ ಮುಖ್ಯಸ್ಥೆಯನ್ನು ಇಲ್ಲಿ ಎಲ್ಲರೂ ದೊಡ್ಡ ಮೇಡಂ ಎನ್ನುತ್ತಾರೆ. ಒಂದು ದಿನ ಅವರ ಅಂಗೈಗೆ ಜೊಂಡಿನ ಸಿಬಿರು ಚುಚ್ಚಿ ಮುರಿದುಹೋಯಿತು. ಮೂರು ಜನ ಪದವೀಧರರು ಸೂಜಿ ಹಿಡಿದು ರಕ್ತ ಬರಿಸಿದರೇ ಹೊರತು ಸಿಬಿರು ಬರಲಿಲ್ಲ. ಬಾಟಲಿ ತೊಳೆಯುವ ಹೆಂಗಸು ಮರುದಿನ ಮನೆಯಿಂದ ಚಿಮುಟ ತಂದು, ಕೈಯನ್ನು ಕಿಟಕಿಗೆ ತಿರುಗಿಸಿ, ಸಿಬಿರನ್ನು ಎಳೆದು ಬಟ್ಟಲಿಗೆ ಹಾಕಿದರು. ದೊಡ್ಡ ಮೇಡಂ ಅಂಗೈ ನೋಡಿಕೊಂಡರು. ರಕ್ತದ ಒಂದು ಹನಿಯೂ ಇರಲಿಲ್ಲ.

“ನಾಳೆಯಿಂದ ಬಾಟಲಿ ಬೇರೆಯವರು ತೊಳೀಲಿ ಅಂದ್ರು. ನಾನು ಏನೋ ಒಡೆದುಹಾಕಿದೀನಿ, ಕೆಲಸದಿಂದ ತೆಗೀತಿದಾರೆ ಅಂದ್ಕೊಂಡು ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ,” ಎಂದು ನಗುತ್ತಾರೆ. ಅಂದಿನಿಂದ ಹೆಸರು ಚಿಮುಟದಕ್ಕ. ಗೇಟಿನ ಕಾವಲುಗಾರನಿಗೂ ಅಕ್ಕ, ದೊಡ್ಡ ಮೇಡಂಗೂ ಅಕ್ಕ. ವಯಸ್ಸು ಐವತ್ತೆರಡು. ಮೊದಲ ಹನ್ನೊಂದು ವರ್ಷ ತಾತ್ಕಾಲಿಕ ನೌಕರಿ. ವಸಂತದ ಆರು ವಾರ ಮುಗಿದರೆ ಮತ್ತೆ ಬಾಟಲಿಯ ತೊಟ್ಟಿಗೆ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಗಂಡ ನಾಲ್ಕಕ್ಕೇ ಹೊರಡುತ್ತಾರೆ. ಚಹಾ ಕಾಸುವುದು ಅವರೇ. “ನಮ್ಮಿಬ್ಬರ ಸಂಸಾರ ನಡೆದಿರೋದೇ ಊರು ಮಲಗಿದ್ದಾಗ,” ಎಂದು ಹೇಳಿ, ಹೇಳಿದ್ದರ ಇನ್ನೊಂದು ಅರ್ಥ ಹೊಳೆದು, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ಈಗ ಗೆರೆ.

ಐಸಿನಲ್ಲಿ ಸ್ಮೃತಿ ತಪ್ಪಿದ ದುಂಬಿಯನ್ನು ಅಂಗಾತ ಮಲಗಿಸಿ, ಹೊಟ್ಟೆಯ ತುದಿಯಿಂದ ಕೊಂಡಿಯನ್ನು ಹಿಡಿದು ಎಳೆದರೆ, ಅದರ ಹಿಂದೆಯೇ ಒಳಗಿನದೆಲ್ಲ ಬರುತ್ತದೆ. ಉಪ್ಪುನೀರಿನ ಹನಿಯಲ್ಲಿ ತೇಲಿಬಿಟ್ಟಾಗ ಎರಡು ಚೀಲ ಅಕ್ಕಪಕ್ಕ ಕಾಣುತ್ತವೆ. ಒಂದು ವಿಷದ ಚೀಲ. ನೀರಿನ ಹಾಗೆ ತಿಳಿ. ಅದಕ್ಕೆ ಚಿಮುಟದಕ್ಕ ಇಟ್ಟ ಹೆಸರು ಕೊಡ. ಇನ್ನೊಂದು ಸ್ವಲ್ಪ ಹಾಲುಬಣ್ಣದ ಗ್ರಂಥಿ. ಅದರಲ್ಲಿರುವುದು ವಿಷವಲ್ಲ, ಎಣ್ಣೆಯಂಥ ಜಿಡ್ಡು. ನೂರು ಕೊಳವೆಗಳ ನಡುವೆ ತನ್ನ ಮನೆ ಯಾವುದೆಂದು ತಿಳಿಯಲು ತಾಯಿ ದುಂಬಿ ಬಾಗಿಲಿಗೆ ಸವರಿ ಗುರುತಿಡುವುದು ಅದನ್ನೇ. ಚಿಮುಟದಕ್ಕನ ಬಾಯಲ್ಲಿ ಅದು ‘ನೆರೆಮನೆ’. ಕೊಡಕ್ಕೂ ನೆರೆಮನೆಗೂ ನಡುವೆ ಒಂದು ಗೆರೆ. ನೆರಳಿಗಿಂತ ತೆಳು. ಆ ಗೆರೆಯ ಮೇಲೇ ಚಿಮುಟ ಇಳಿಯಬೇಕು. ಕೂದಲೆಳೆಯಷ್ಟು ಆಚೆ ಹೋದರೆ ಕೊಡ ಒಡೆಯುತ್ತದೆ, ಈಚೆ ಬಂದರೆ ನೆರೆಮನೆಯ ಜಿಡ್ಡು ಕೊಡದ ಜೊತೆಗೇ ಬರುತ್ತದೆ.

ಅವರು ಉಸಿರು ಹಿಡಿಯುತ್ತಾರೆ. ಚಿಮುಟ ಮುಚ್ಚುತ್ತದೆ. ಕೊಡ ಬೇರೆಯಾಗಿ ಸಣ್ಣ ಗಾಜಿನ ಕೊಳವೆಗೆ ಇಳಿಯುತ್ತದೆ. ಉಸಿರು ಬಿಡುತ್ತಾರೆ. ಒಂದು.

ದಿನಕ್ಕೆ ಮೂವತ್ತು. ಋತುವಿಗೆ ನಲವತ್ತೊಂದು ದಿನ. ದಿನಕ್ಕೊಂದು ಕೊಳವೆ, ಅದರ ಮೇಲೆ ಪೆನ್ಸಿಲಿನಲ್ಲಿ ಆ ದಿನದ ಸಂಖ್ಯೆ. ಹತ್ತೊಂಬತ್ತು ವಸಂತಗಳಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ದುಂಬಿಗಳು ಆ ಬೆರಳುಗಳ ನಡುವೆ ಹಾದುಹೋಗಿವೆ. ಅಷ್ಟೂ ವಿಷವನ್ನು ಒಣಗಿಸಿ ಒಂದೆಡೆ ಗುಡ್ಡೆ ಹಾಕಿದರೆ? “ಎರಡು ಚಿಟಿಕೆ ಉಪ್ಪು,” ಎನ್ನುತ್ತಾರೆ, ಬೆರಳು ಜೋಡಿಸಿ ತೋರಿಸುತ್ತ. “ಸಾರಿಗೂ ಸಾಲಲ್ಲ.”

ಸಾಕುಜೇನಾದರೆ ಗೂಡಿನ ಬಾಗಿಲಿಗೆ ಸಣ್ಣ ವಿದ್ಯುತ್ ಹಾಯಿಸಿದ ತಂತಿ ಕಟ್ಟಿದರೆ ಸಾಕು, ಸಾವಿರಾರು ಹುಳ ಕುಟುಕಿ ಗಾಜಿನ ಮೇಲೆ ವಿಷ ಸುರಿಸುತ್ತವೆ. ಒಂಟಿ ದುಂಬಿಗೆ ಆ ಉಪಾಯ ನಡೆಯುವುದಿಲ್ಲ. ಒಂದೊಂದನ್ನೇ ಕೈಯಿಂದ ಬಿಡಿಸಬೇಕು. ಇಷ್ಟು ಪಾಡುಪಟ್ಟು ತೆಗೆಯುವುದರಲ್ಲಿ ಅಂಥದ್ದೇನಿದೆ?

ಅದನ್ನು ವಿವರಿಸುವುದು ಮೇಲಿನ ಮಹಡಿಯ ಯುವ ಸಂಶೋಧಕಿ. ಚಿಮುಟದಕ್ಕ ಈಕೆಯನ್ನು ‘ಗ್ರಾಫಮ್ಮ’ ಎಂದು ಕರೆಯುತ್ತಾರೆ. ಯಾವಾಗಲೂ ಕೈಯಲ್ಲೊಂದು ಗ್ರಾಫ್ ಹಾಳೆ. ಕೊಳವೆಯ ವಿಷವನ್ನು ಯಂತ್ರದಲ್ಲಿ ಹಾಯಿಸಿದಾಗ ಅದರಲ್ಲಿರುವ ಒಂದೊಂದು ವಸ್ತುವೂ ಒಂದೊಂದು ಹೊತ್ತಿಗೆ ಹೊರಬಂದು ಹಾಳೆಯ ಮೇಲೆ ಒಂದೊಂದು ಗುಡ್ಡ ಎಬ್ಬಿಸುತ್ತದೆ.

“ವಿಷದಲ್ಲಿ ಮುಖ್ಯವಾಗಿರೋದು ಪೆಪ್ಟೈಡ್‌ಗಳು. ಪ್ರೋಟೀನಿನ ಚಿಕ್ಕ ತುಂಡುಗಳು ಅನ್ನಿ,” ಎನ್ನುತ್ತಾಳೆ ಗ್ರಾಫಮ್ಮ. “ಸಾಕುಜೇನಿನ ವಿಷದ್ದು ಇಪ್ಪತ್ತಾರು ಮಣಿಗಳ ಸರ. ರೋಗಾಣೂನೂ ಒಡೆಯುತ್ತೆ, ನಮ್ಮ ರಕ್ತದ ಕಣಾನೂ ಒಡೆಯುತ್ತೆ. ಅದಕ್ಕೇ ಅಷ್ಟು ಉರಿ. ಒಂಟಿ ದುಂಬೀದು ಇನ್ನೂ ಗಿಡ್ಡ ಸರ, ಹದಿನೈದೋ ಹದಿನೇಳೋ ಮಣಿ. ನೀರಲ್ಲಿ ಸುಮ್ಮನೆ ತೇಲ್ತಿರುತ್ತೆ. ರೋಗಾಣುವಿನ ಹೊರಪೊರೆ ತಾಗ್ತು ಅನ್ನಿ, ಸ್ಪ್ರಿಂಗ್ ಥರ ಸುರುಳಿ ಸುತ್ಕೊಳ್ಳುತ್ತೆ. ಒಂದು ಮಗ್ಗುಲು ನೀರಿಗೆ, ಒಂದು ಮಗ್ಗುಲು ಕೊಬ್ಬಿಗೆ. ಪೊರೆಯೊಳಗೆ ನುಗ್ಗಿ ತೂತು ಮಾಡಿಬಿಡುತ್ತೆ. ಒಳಗಿದ್ದದ್ದೆಲ್ಲ ಸೋರಿ ರೋಗಾಣು ಖಲಾಸ್. ಆದ್ರೆ ಇವುಗಳಲ್ಲಿ ಎಷ್ಟೋ ನಮ್ಮ ರಕ್ತದ ಕಣದ ತಂಟೆಗೆ ಅಷ್ಟಾಗಿ ಹೋಗಲ್ಲ. ಮಾತ್ರೆಗಳಿಗೆ ಬಗ್ಗದ ರೋಗಾಣುಗಳು ಬಂದಿರೋ ಈ ಕಾಲದಲ್ಲಿ ಅದು ಚಿನ್ನ.”

ಸ್ಪ್ರಿಂಗಿನ ವಿಷಯವನ್ನು ಚಿಮುಟದಕ್ಕ ಮನೆಯಲ್ಲಿ ಹೇಳಿದಾಗ ಮಾವ, “ಕೀಲಿ ಕೊಡೋರು ಯಾರು?” ಎಂದು ಕೇಳಿದರಂತೆ. ಗ್ರಾಫಮ್ಮ ಆ ಪ್ರಶ್ನೆಯನ್ನು ತನ್ನ ಮೇಜಿನ ಮುಂದೆ ಬರೆದು ಅಂಟಿಸಿಕೊಂಡಿದ್ದಾಳೆ.

ಹೀಗೆ ಮೇಲಿನ ಮಹಡಿಯ ಸಮಸ್ತ ಗುಡ್ಡಗಳೂ ಕೆಳಗಿನ ಸ್ಟೂಲಿನ ಮೇಲೆ ನಿಂತಿವೆ. ಹೊರಗಿನಿಂದ ಬಂದವರು ಫಲಿತಾಂಶದ ಬಗ್ಗೆ ಅನುಮಾನಿಸಿದರೆ ದೊಡ್ಡ ಮೇಡಂ ಹೇಳುವ ಮಾತು ಒಂದೇ: “ನಮ್ಮ ಯಂತ್ರ ತಪ್ಪಬಹುದು, ನಾವು ತಪ್ಪಬಹುದು. ಅಕ್ಕನ ಕೊಳವೆಯಲ್ಲಿ ವಿಷ ಬಿಟ್ಟು ಬೇರೆ ಇರಲ್ಲ.” ಈ ಮಾತು ಕಿವಿಗೆ ಬಿದ್ದ ದಿನ ಚಿಮುಟದಕ್ಕ ಮನೆಗೆ ಬಸ್ಸು ಹತ್ತಲಿಲ್ಲ. ನಡೆದೇ ಹೋದರು. ಯಾಕೆ ಎಂದರೆ, “ಬಸ್ಸಲ್ಲಿ ಕೂತ್ರೆ ಬೇಗ ಮನೆ ಬಂದ್ಬಿಡುತ್ತಲ್ಲ.”

ಈ ಚಳಿಗಾಲದಲ್ಲಿ ಹೋದ ವಸಂತದ ಕೊಳವೆಗಳನ್ನು ಪರೀಕ್ಷಿಸುವಾಗ ಗ್ರಾಫಮ್ಮನ ಹಾಳೆಯ ಮೇಲೆ, ಎಲ್ಲ ಗುಡ್ಡಗಳೂ ಮುಗಿದ ಮೇಲೆ, ಕೊನೆಯಲ್ಲಿ ಹೊಸದೊಂದು ಗುಡ್ಡ ಎದ್ದಿತು. ಹಿಂದೆ ಯಾವ ಒಂಟಿ ದುಂಬಿಯ ವಿಷದಲ್ಲೂ ಕಂಡಿರದ ವಸ್ತು. ರೋಗಾಣು ಬೆಳೆಸಿದ ತಟ್ಟೆಗೆ ಹನಿ ಹಾಕಿದರೆ ಸುತ್ತಲಿನವೆಲ್ಲ ಸತ್ತು ಅಗಲವಾದ ಬೋಳು ವೃತ್ತ. ಕಾರಿಡಾರಿನಲ್ಲಿ ಗ್ರಾಫಮ್ಮ ಓಡಿದ ಸದ್ದಿಗೆ ಕಾವಲುಗಾರ ಬೆಂಕಿ ಬಿತ್ತೆಂದು ಮೇಲೆ ಬಂದಿದ್ದ. ಪ್ರಬಂಧ ಬರೆಯಲು ಕೂತಾಗ ದೊಡ್ಡ ಮೇಡಂ ಕೆಳಗಿಳಿದು ಬಂದು, ಸ್ಟೂಲಿನ ಪಕ್ಕ ನಿಂತು ಹೇಳಿದರು, “ಅಕ್ಕಾ, ಲೇಖಕರ ಪಟ್ಟಿಯಲ್ಲಿ ಈ ಸಲ ನಿಮ್ಮ ಹೆಸರೂ ಇರುತ್ತೆ. ನಾಲ್ಕನೇದು.”

ಹತ್ತೊಂಬತ್ತು ವರ್ಷದಲ್ಲಿ ಈ ಕೋಣೆಯ ವಿಷದ ಮೇಲೆ ಹದಿನಾಲ್ಕು ಪ್ರಬಂಧ ಬಂದಿವೆ. ಅವುಗಳಲ್ಲಿ ಒಂದರ ಕೊನೆಯಲ್ಲಿ ‘ತಾಂತ್ರಿಕ ನೆರವಿಗೆ ಕೃತಜ್ಞತೆ’ ಎಂದಿದೆ. ಯಾರಿಗೆ ಎಂದಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಮಾವ ಕೇಳಿದರು. “ಏನಂತ ಹಾಕ್ತಾರೆ? ಚಿಮುಟದಕ್ಕ ಅಂತಲಾ?”

“ಪೂರ್ತಿ ಹೆಸರು ಮಾವಾ. ನಿಮ್ಮ ಮನೆತನದ ಹೆಸರೂ ಸೇರಿ.”

“ಹಾಗಾದ್ರೆ ಚಿಮುಟದ ಹೆಸರು ಐದನೇದು ಹಾಕಿಸು,” ಎಂದ ಮಾವ, ಮುದುಕರು ಅಳು ಬಂದಾಗ ಮಾಡುವಂತೆ, ತಟ್ಟೆಯಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದರು.

ಚಿಮುಟದಕ್ಕ ಮಲಗುವಾಗ ಆ ಸಂತೋಷದ ಅಡಿಯಲ್ಲಿ ಏನೋ ಒತ್ತುತ್ತಿತ್ತು. ಹಾಸಿಗೆಯ ಕೆಳಗೆ ಸಿಕ್ಕಿಕೊಂಡ ಗುಂಡಿಯ ಹಾಗೆ.

ಅವರ ಬಳಿ ಅಂಗೈಯಗಲದ ಒಂದು ನೋಟ್‌ಬುಕ್ಕಿದೆ. ಪ್ರತಿ ದಿನಕ್ಕೆ ಒಂದು ಸಾಲು. ದಿನದ ಸಂಖ್ಯೆ, ದುಂಬಿ ಎಷ್ಟು, ಚಳಿಯೋ ಮೋಡವೋ. ಸಾಲಿನ ಕೊನೆಗೆ ಕೆಲವೊಮ್ಮೆ ಒಂದು ಚುಕ್ಕೆ. ಪ್ರಯೋಗಾಲಯದವರು ನೋಟ್‌ಬುಕ್ಕನ್ನು ನೂರು ಸಲ ನೋಡಿದ್ದಾರೆ. ಚುಕ್ಕೆ ಯಾಕೆಂದು ಯಾರೂ ಕೇಳಿಲ್ಲ, ಪೆನ್ಸಿಲ್ ತಾಗಿದ್ದೆಂದುಕೊಂಡಿರಬೇಕು. ಚುಕ್ಕೆ ಎಂದರೆ, ಇವತ್ತು ಚೆನ್ನಾಗಿ ಕಾಣಲಿಲ್ಲ. ಹದಿನೆಂಟು ವರ್ಷಗಳಲ್ಲಿ ಅಂಥವು ಒಂಬತ್ತು ಇದ್ದವು. ಜ್ವರದ ದಿನ, ಕರೆಂಟು ಏರಿಳಿದ ದಿನ. ಆ ಕೊಳವೆಗಳನ್ನು ಅವರೇ ಬೇರೆ ಎತ್ತಿಟ್ಟು, “ಇದು ಬೇಡ, ಕೈ ಕೆಟ್ಟಿತ್ತು,” ಎಂದು ಚೆಲ್ಲಿಸಿದ್ದಾರೆ.

ಹೋದ ವರ್ಷ ಮಾತ್ರ ಕೊನೆಯ ಹನ್ನೊಂದು ದಿನ ಸತತವಾಗಿ ಚುಕ್ಕೆ.

“ಬಲ್ಬು ಮಂಕಾಗಿದೆ ಅಂದ್ಕೊಂಡೆ. ಹೇಳ್ದೆ, ಹೊಸ ಬಲ್ಬು ಹಾಕಿದ್ರು. ಚುಕ್ಕೆ ನಿಲ್ಲಲಿಲ್ಲ. ಆಮೇಲೆ ಗಾಜು ಒರೆಸ್ದೆ. ದಿನಾ ಒರೆಸ್ದೆ. ಕೈ ಮಾತ್ರ ಹೋಗ್ತಾನೇ ಇತ್ತು, ಅದಕ್ಕೆ ದಾರಿ ಗೊತ್ತಲ್ಲ. ಕಾಣದಿದ್ರೂ ಕಂಡ ಹಾಗೇ ಆಗ್ತಿತ್ತು. ಹನ್ನೊಂದು ಕೊಳವೆ ಚೆಲ್ಲಿ ಅಂತ ಹೇಗೆ ಹೇಳೋದು? ಹೇಳಿದ್ರೆ ಯಾಕೆ ಅಂತಾರೆ.”

ಯಾಕೆ ಎಂಬುದಕ್ಕೆ ಉತ್ತರವನ್ನು ಕಣ್ಣಿನ ವೈದ್ಯರು ಕೊಟ್ಟರು. ಎರಡೂ ಕಣ್ಣಿಗೆ ಪೊರೆ ಶುರುವಾಗಿದೆ. ಸದ್ಯಕ್ಕೆ ಕನ್ನಡಕ ಬದಲಾಯಿಸಿದರೆ ನಡೆಯುತ್ತದೆ, ಮುಂದೆ ಆಪರೇಷನ್. ಈ ಸೋಮವಾರ ಋತುವಿನ ಮೊದಲ ದಿನ. ಹೊಸ ಕನ್ನಡಕ ಹಾಕಿ ಸೂಕ್ಷ್ಮದರ್ಶಕಕ್ಕೆ ಬಗ್ಗಿದಾಗ ಗೆರೆ ಬ್ಲೇಡಿನಿಂದ ಕೊಯ್ದಿಟ್ಟಂತೆ ಎದ್ದು ಕಂಡಿತು. ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಹೋದ ವರ್ಷ ಕಂಡದ್ದು ಇದಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿ ಕಂಡಿತು.

ಅಂದು ಮಧ್ಯಾಹ್ನ ಮೇಲಿನ ಮಹಡಿಗೆ ಹತ್ತಿ, ಏನೂ ಆಗದವರ ಹಾಗೆ ಕೇಳಿದರು. “ಗ್ರಾಫಮ್ಮಾ, ಆ ಹೊಸ ಗುಡ್ಡ ಎಲ್ಲಾ ಕೊಳವೇಲೂ ಇದೆಯೇನಮ್ಮಾ?”

“ಇಲ್ಲ ಅಕ್ಕಾ, ಅದೇ ಮಜಾ! ಮೂವತ್ತೊಂದರಿಂದ ನಲವತ್ತೊಂದರವರೆಗೆ ಮಾತ್ರ. ಋತುವಿನ ಕೊನೇಲಿ ದುಂಬಿ ವಿಷಾನೇ ಬದಲಾಯಿಸ್ಕೊಳ್ಳುತ್ತೆ ಅಂತ ಬರೆದಿದ್ದೀವಿ. ಎಷ್ಟು ಚೆನ್ನಾಗಿದೆ ಅಲ್ವಾ?”

ಹನ್ನೊಂದು ಕೊಳವೆ. ಹನ್ನೊಂದು ಚುಕ್ಕೆ.

ಸಂಜೆ ಎಲ್ಲರೂ ಹೋದ ಮೇಲೆ ಅವರು ಫ್ರೀಜರಿನಿಂದ ಮೂವತ್ತಾರನೇ ಕೊಳವೆ ತೆಗೆದು, ತಳದಲ್ಲಿ ಉಳಿದ ತೇವವನ್ನು ಮೂಗಿನ ಹತ್ತಿರ ಹಿಡಿದರು. ವಿಷಕ್ಕೆ ಅವರ ಮೂಗು ಬಲ್ಲ ವಾಸನೆ ಯಾವುದೂ ಇಲ್ಲ. ಇದರಲ್ಲಿ ಇತ್ತು. ಬೆಳಗಿನ ಜಾವ ಜೊಂಡಿನ ಬಾಯಿಗೆ ಮುಖ ತಂದಾಗ ಬರುವ, ಹೊಸ ಮೇಣದ ಹಾಗಿನ, ಸಣ್ಣ ವಾಸನೆ. ತಾಯಿ ದುಂಬಿಯ ಮನೆಬಾಗಿಲಿನ ವಾಸನೆ. ಭೂಮಿಯ ಮೇಲೆ ಎಷ್ಟು ಜನರಿಗೆ ಆ ವಾಸನೆ ಗೊತ್ತಿರಬಹುದು? ಈ ಕಟ್ಟಡದಲ್ಲಂತೂ ಒಬ್ಬರಿಗೇ.

ಮಂಗಳವಾರ ಹೇಳಲು ಹೋದರು. ಗ್ರಾಫಮ್ಮ ಕಿವಿಗೆ ಫೋನು ಹಚ್ಚಿಕೊಂಡು, “ಆಮೇಲೆ ಅಕ್ಕಾ,” ಎಂದು ಸನ್ನೆ ಮಾಡಿದಳು. ಅವಳ ನೌಕರಿ ಮುಂದುವರಿಯುವುದು ಇದೇ ಪ್ರಬಂಧದ ಮೇಲೆ ನಿಂತಿದೆ. ಬುಧವಾರ ದೊಡ್ಡ ಮೇಡಂ ಕೋಣೆಯ ಬಾಗಿಲವರೆಗೆ ಹೋದರು. ಒಳಗೆ ಮೇಡಂ ಯಾರಿಗೋ ಅಕ್ಕನ ಕೊಳವೆಯ ಮಾತನ್ನೇ ಹೇಳುತ್ತಿದ್ದರು. ಕಾಲು ತಾನಾಗಿ ಹಿಂದೆ ಬಂತು. ಹೇಳಿದರೆ ಹೋಗುವುದು ನಾಲ್ಕನೇ ಹೆಸರಷ್ಟೇ ಅಲ್ಲ. ಪೊರೆ ಬಂದ ಕಣ್ಣಿನವರನ್ನು ಆ ಸ್ಟೂಲಿನ ಮೇಲೆ ಯಾರು ಕೂರಿಸುತ್ತಾರೆ?

ಗುರುವಾರ ಮನೆಯಲ್ಲಿ ಮಾವನ ಉಗುರು ಕತ್ತರಿಸುತ್ತಿದ್ದಾಗ ಸುಮ್ಮನೆ ಕೇಳಿದಂತೆ ಕೇಳಿದರು. “ಮಾವಾ, ನೀವು ಅಂಗಡಿ ಬಿಟ್ಟಿದ್ದು ಯಾಕೆ?”

“ಕಣ್ಣು ಹೋಯ್ತಲ್ಲ.”

“ಹೋಗಿದ್ದು ಯಾವಾಗ ಗೊತ್ತಾಯ್ತು?”

ಮುದುಕರು ಸೊಸೆಯ ಮುಖ ನೋಡಿದರು. ಹೊಸ ಕನ್ನಡಕವನ್ನೂ ನೋಡಿದರು. “ಬಿಡೋದಕ್ಕೆ ಆರು ತಿಂಗಳ ಮೊದಲೇ. ಯಾರಿಗೂ ಹೇಳ್ಲಿಲ್ಲ. ಬೆರಳಿಗೇ ಗೊತ್ತಿದೆ ಬಿಡು, ಕಣ್ಣು ಯಾಕೆ ಅಂತ ಜಂಭ. ಆ ಆರು ತಿಂಗಳು ನಾನು ರಿಪೇರಿ ಮಾಡಿದ ಗಡಿಯಾರ ಎಲ್ಲಾ ಎಲ್ಲೆಲ್ಲೋ ಹೋಗಿದಾವೆ. ಯಾರ ಮನೇಲೋ, ಯಾರ ಕೈಮೇಲೋ. ಯಾವುದೋ ಒಂದು ಇವತ್ತಿಗೂ ಹಿಂದೆ ಓಡ್ತಿರಬಹುದು. ಕಟ್ಟಿಕೊಂಡೋನು ತನಗೇ ತಡವಾಯ್ತು ಅಂದ್ಕೊಂಡಿರ್ತಾನೆ.” ಕೈ ಮುಂದಕ್ಕೆ ಚಾಚಿ, “ಹೆಬ್ಬೆರಳು ನೋಡ್ಕೊಂಡು ಕತ್ತರಿಸು,” ಎಂದರು.

ಇಂದು ಶುಕ್ರವಾರ. ಹನ್ನೊಂದಕ್ಕೆ ಸಭೆ. ಸಂಜೆ ಪ್ರಬಂಧ ಪತ್ರಿಕೆಗೆ ಹೋಗುತ್ತದೆ.

ಬೆಳಗಿನ ಮೂವತ್ತು ದುಂಬಿಗಳ ಮೇಲೆ ಚಿಮುಟದಕ್ಕ ಇವತ್ತು ಎಂದಿಗಿಂತ ಒಂದು ಗಂಟೆ ಹೆಚ್ಚು ಕೂರುತ್ತಾರೆ. ಹತ್ತೊಂಬತ್ತು ವರ್ಷ ನೆರೆಮನೆಯನ್ನು ಹತ್ತಿಗೆ ಒರೆಸಿ ಎಸೆದವರು ಇಂದು ಅದನ್ನೂ ಜೋಪಾನವಾಗಿ ಎತ್ತಿಡುತ್ತಾರೆ. ಕೊಡ ಒಂದು ಕೊಳವೆಗೆ, ನೆರೆಮನೆ ಇನ್ನೊಂದು ಕೊಳವೆಗೆ. ಉಸಿರು ಹಿಡಿಯುವುದು, ಮುಚ್ಚುವುದು, ಬಿಡುವುದು. ಮೂವತ್ತು ಸಲ ಗೆರೆಯ ಮೇಲೆ ನಡೆದು ಒಮ್ಮೆಯೂ ಕಾಲು ಜಾರಿಲ್ಲ. ನೋಟ್‌ಬುಕ್ಕಿನಲ್ಲಿ ಐದನೇ ದಿನದ ಸಾಲು ಬರೆದು, ಕೊನೆಯಲ್ಲಿ ಪೆನ್ಸಿಲ್ ಎತ್ತಿ ಹಿಡಿಯುತ್ತಾರೆ. ಚುಕ್ಕೆ ಇಡುವುದಿಲ್ಲ.

ಸಭೆಯ ಕೋಣೆ ಎರಡನೇ ಮಹಡಿ. ಉದ್ದನೆಯ ಮೇಜು, ಹನ್ನೆರಡು ಕುರ್ಚಿ, ಗೋಡೆಗೆ ಬಿಳಿ ಪರದೆ. ಬಾಗಿಲ ಪಕ್ಕದ ಹದಿಮೂರನೇ ಕುರ್ಚಿ ಅವರದು. ಹತ್ತೊಂಬತ್ತು ವರ್ಷದಲ್ಲಿ ಈ ಕೋಣೆಯಲ್ಲಿ ಅವರಾಡಿದ ಮಾತುಗಳು ಎರಡೇ ಬಗೆಯವು: “ಹೂಂ ಮೇಡಂ” ಮತ್ತು “ಫ್ಯಾನು ಹಾಕ್ಲಾ?” ಇವತ್ತು ತೊಡೆಯ ಮೇಲೆ ಐಸಿನ ಡಬ್ಬಿ. ಡಬ್ಬಿಯ ಮೇಲೆ ನೋಟ್‌ಬುಕ್ಕು.

ಪರದೆಯ ಮೇಲೆ ಗುಡ್ಡಗಳ ಸಾಲು ಬೀಳುತ್ತದೆ. ಕೊನೆಯ ಗುಡ್ಡಕ್ಕೆ ಗ್ರಾಫಮ್ಮ ಕೆಂಪು ಬಳಿದಿದ್ದಾಳೆ. ಅದಕ್ಕೊಂದು ಹೆಸರೂ ಇಟ್ಟಾಗಿದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ದೊಡ್ಡ ಮೇಡಂ ಹಾಳೆಗಳನ್ನು ಜೋಡಿಸಿ ಮೇಜಿಗೆ ತಟ್ಟಿ, “ಸರಿ ಹಾಗಾದ್ರೆ. ಯಾರಾದ್ರೂ ಏನಾದ್ರೂ ಹೇಳೋದಿದೆಯಾ?” ಎನ್ನುತ್ತಾರೆ. ಪ್ರತಿ ಸಭೆಯ ಕೊನೆಗೂ ಕೇಳುವ ಪ್ರಶ್ನೆ. ಉತ್ತರ ಕಾಯದೆ ಎದ್ದುಬಿಡುವುದು ರೂಢಿ.

ಹದಿಮೂರನೇ ಕುರ್ಚಿ ಕಿರುಗುಟ್ಟುತ್ತದೆ.

“ಫ್ಯಾನ್ ಇರ್ಲಿ ಬಿಡಿ ಅಕ್ಕಾ,” ಎನ್ನುತ್ತಾರೆ ಯಾರೋ. ನಾಲ್ಕಾರು ಜನ ನಗುತ್ತಾರೆ.

ಚಿಮುಟದಕ್ಕ ಸ್ವಿಚ್ಚಿನ ಕಡೆ ಹೋಗುವುದಿಲ್ಲ. ಮೇಜಿನ ಉದ್ದಕ್ಕೂ ನಡೆದು ಪರದೆಯ ಪಕ್ಕ ನಿಲ್ಲುತ್ತಾರೆ. ಕೆಂಪು ಗುಡ್ಡದ ಬೆಳಕು ಅವರ ಕನ್ನಡಕದ ಮೇಲೆ ಬಿದ್ದಿದೆ. ನೋಟ್‌ಬುಕ್ಕನ್ನು ಹೋದ ವರ್ಷದ ಪುಟಕ್ಕೆ ತೆರೆದು ದೊಡ್ಡ ಮೇಡಂ ಮುಂದೆ ಇಡುತ್ತಾರೆ. ಹನ್ನೊಂದು ಚುಕ್ಕೆಗಳ ಮೇಲೆ ಬೆರಳು ಓಡಿಸುತ್ತಾರೆ. ಐಸಿನ ಡಬ್ಬಿ ತೆರೆದು ಎರಡು ಕೊಳವೆಗಳನ್ನು ಅದರ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಗ್ರಾಫಮ್ಮನ ಮುಖ ನೋಡಿದರೆ ಮಾತು ನಿಲ್ಲುತ್ತದೆಂದು ಗೊತ್ತು. ಆದರೂ ನೋಡುತ್ತಾರೆ. ಹೇಳಬೇಕಾದ್ದು ಅವಳಿಗೂ ತಾನೆ.

ಧ್ವನಿ ಕೋಣೆಗೆ ಬೇಕಾದದ್ದಕ್ಕಿಂತ ಜೋರಾಗಿಯೇ ಬರುತ್ತದೆ.

“ಆ ಕೊನೇ ಗುಡ್ಡ ವಿಷದ್ದಲ್ಲ ಮೇಡಂ. ಪಕ್ಕದ ಗ್ರಂಥೀದು. ಹೋದ ವರ್ಷ ಹನ್ನೊಂದು ದಿನ ನನಗೆ ಗೆರೆ ಕಾಣ್ತಿರಲಿಲ್ಲ, ನಾನು ಹೇಳ್ಲಿಲ್ಲ. ಈ ಎರಡನೇ ಕೊಳವೇಲಿ ಬರೀ ಆ ಗ್ರಂಥಿ ಇದೆ, ಯಂತ್ರಕ್ಕೆ ಹಾಕಿ ನೋಡಿ, ಆ ಗುಡ್ಡ ಇದರಲ್ಲೇ ಏಳುತ್ತೆ. ಮೊದಲನೇದರಲ್ಲಿ ಏಳಲ್ಲ. ಅದರಲ್ಲಿ ವಿಷ ಬಿಟ್ಟು ಬೇರೆ ಏನೂ ಇಲ್ಲ ಮೇಡಂ. ಇದು ನಾನು ಕಣ್ಣಾರೆ ಕಂಡು ತೆಗೆದದ್ದು.”